ಕುಪ್ಪಯ್ಯ ಓದದೆ ಬಿಟ್ಟ ಸಾಲು

ಮಕ್ಕಳೇ, ಕೆಂಪು ಬಂಡೆಗಳ ಒಂದು ಗುಡ್ಡ. ಗುಡ್ಡದ ಸುತ್ತ ಕುರುಚಲು ಕಾಡು. ಕಾರೆ, ಕವಳಿ, ಲಂಟಾನದ ಪೊದೆಗಳು. ಮಳೆ ಬಂದರೆ ಬಂತು, ಬಾರದಿದ್ದರೆ ಇಲ್ಲ ಅನ್ನುವಂಥ ಜಾಗ. ಆದರೂ ಅಲ್ಲಿ ಜಿಂಕೆ, ಮೊಲ, ಮುಸುವ, ನವಿಲು, ಮುಳ್ಳುಹಂದಿ, ಚಿಪ್ಪುಹಂದಿ ಎಲ್ಲರೂ ನೆಮ್ಮದಿಯಾಗಿದ್ದರು. ಯಾಕೆಂದರೆ ಗುಡ್ಡದ ಬುಡದಲ್ಲಿ ಒಂದು ಹೊಂಡವಿತ್ತು. ಅದರ ಹೆಸರು ಆನೆಹೊಂಡ.

ಆ ಹೊಂಡವನ್ನು ತೋಡಿದವಳು ಹಿರೇತಾಯಿ ಎಂಬ ಆನೆಯಂತೆ. ಯಾರ ಅಜ್ಜಿಗೂ ನೆನಪಿಲ್ಲದಷ್ಟು ಹಿಂದೆ ಅವಳು ಕಾಲಿನಿಂದ ನೆಲ ಕೆದರಿ, ಸೊಂಡಿಲಿನಿಂದ ಮಣ್ಣು ಎತ್ತಿ ಹಾಕಿ ನೀರು ಕಂಡಳಂತೆ. ಆಮೇಲೆ ಚೂಪಾದ ಕಲ್ಲೊಂದನ್ನು ಸೊಂಡಿಲಲ್ಲಿ ಹಿಡಿದು, ಈ ನೀರಿನ ಬಳಿ ಬಾಳುವವರು ಹೇಗಿರಬೇಕು ಎಂದು ಪಕ್ಕದ ದೊಡ್ಡ ಬಂಡೆಯ ಮೇಲೆ ಸಾಲು ಸಾಲಾಗಿ ಗೀಚಿದಳಂತೆ. ಆ ಬರಹಕ್ಕೆ ಎಲ್ಲರೂ ‘ತಾಯಿಮಾತು’ ಎನ್ನುತ್ತಿದ್ದರು. ಬಂಡೆಯ ಮುಂದೆ ಹಾಯುವಾಗ ತಲೆ ತಗ್ಗಿಸಿಯೇ ಹೋಗುತ್ತಿದ್ದರು.

ಆದರೆ ಅದನ್ನು ಓದಲು ಬರುತ್ತಿದ್ದದ್ದು ಕೆಂಬೂತದ ಮನೆಯವರಿಗೆ ಮಾತ್ರ. ಕೆಂಬೂತ ಗೊತ್ತಲ್ಲ? ಕಪ್ಪು ಮೈ, ಇಟ್ಟಿಗೆ ಬಣ್ಣದ ರೆಕ್ಕೆ, ಕೆಂಪು ಕಣ್ಣು. ಪೊದೆಯೊಳಗೆ ಕೂತು ‘ಕೂಪ್ ಕೂಪ್’ ಎಂದು ಗಂಭೀರವಾಗಿ ಕೂಗುತ್ತದಲ್ಲ, ಅದೇ ಹಕ್ಕಿ. ಆ ಕಾಲದಲ್ಲಿ ಓದುತ್ತಿದ್ದವನು ಕುಪ್ಪಯ್ಯ. ಅವನ ಹೆಂಡತಿ ಹೊನ್ನಕ್ಕನಿಗೂ ಓದು ಬರುತ್ತಿತ್ತು. ಆದರೆ ಬಂಡೆಯ ಮೇಲೆ ನಿಂತು ಓದುವ ಹಕ್ಕು ಗಂಡನದು ಎಂದು ಎಲ್ಲರೂ ಅಂದುಕೊಂಡಿದ್ದರು. ಅವಳೂ ಹಾಗೇ ಅಂದುಕೊಂಡಿದ್ದಳು.

ಕಾಡಿನ ಯಜಮಾನ ಕಾಡುಕೋಣ ಭರಮಣ್ಣ. ದೊಡ್ಡ ದೇಹ, ಒಳ್ಳೆಯ ಮನಸ್ಸು. ಆದರೆ ಯೋಚನೆ ಮಾಡುವುದೆಂದರೆ ಅವನಿಗೆ ಬೇಸರ. ಏನಾದರೂ ತೀರ್ಮಾನ ಮಾಡಬೇಕಾದರೆ ಬಂಡೆಯ ಹತ್ತಿರ ಬಂದು, “ಕುಪ್ಪಯ್ಯ, ತಾಯಿಮಾತು ಏನು ಹೇಳುತ್ತದಪ್ಪಾ?” ಎಂದು ಕೇಳುತ್ತಿದ್ದ. ಕುಪ್ಪಯ್ಯ ಒಂದು ಸಾಲು ಓದುತ್ತಿದ್ದ. ಭರಮಣ್ಣ ಅದನ್ನೇ ಕಾಡಿನ ಕಟ್ಟಳೆ ಮಾಡುತ್ತಿದ್ದ. ಕೆಲಸ ಮುಗಿಯಿತು.

ಹಾಗೆ ಆದ ಕಟ್ಟಳೆಗಳಲ್ಲಿ ಒಳ್ಳೆಯವೂ ಇದ್ದವು. ‘ನೀರಿನ ಬಳಿ ಯಾರೂ ಯಾರನ್ನೂ ಅಟ್ಟಬಾರದು’ ಎಂದು ಒಮ್ಮೆ ಓದಿದ್ದಕ್ಕೆ ಚಿರತೆ ಕೂಡ ಹೊಂಡದ ಬಳಿ ಸುಮ್ಮನೆ ನೀರು ಕುಡಿದು ಹೋಗುತ್ತಿತ್ತು. ‘ಎಳೆಯರು ಮೊದಲು ಕುಡಿಯಲಿ’ ಎಂದು ಇನ್ನೊಮ್ಮೆ ಓದಿದ್ದಕ್ಕೆ ಮರಿಗಳಿಗೆ ನೂಕುನುಗ್ಗಲು ತಪ್ಪಿತ್ತು. ಹೀಗಾಗಿ ಕುಪ್ಪಯ್ಯ ಏನು ಓದಿದರೂ ಯಾರೂ ಎದುರು ಕೇಳುತ್ತಿರಲಿಲ್ಲ.

ಒಂದು ಮಳೆಗಾಲದ ಆರಂಭದಲ್ಲಿ ಕುಪ್ಪಯ್ಯ ಕಾರೆಪೊದೆಯ ಮೇಲೆ ಹೊಸ ಗೂಡು ಕಟ್ಟಿದ. ಎಲೆ, ಕಡ್ಡಿ, ನಾರು ತಂದು ತಂದು ದುಂಡಗೆ ಹೆಣೆದ. ಅದು ಇಡೀ ಗುಡ್ಡದಲ್ಲೇ ಚೆಂದದ ಗೂಡು ಎಂದು ಅವನಿಗೆ ಹೆಮ್ಮೆ. ಆ ಪೊದೆಯ ಬುಡದಲ್ಲಿ ಒಳ್ಳೆಯ ಗೆಡ್ಡೆಗಳಿದ್ದವು. ಮುಳ್ಳುಹಂದಿ ಸಿದ್ದವ್ವ ಗೆಡ್ಡೆ ಹುಡುಕುತ್ತಾ ಬಂದು, ಮೇಲೆ ನೋಡದೆ, ಬುಡವನ್ನು ಬಗೆದಳು. ಬೆಳಗಾಗುವ ಹೊತ್ತಿಗೆ ಪೊದೆ ವಾಲಿ ಗೂಡು ನೆಲಕ್ಕೆ ಬಿದ್ದಿತ್ತು. ಪುಣ್ಯಕ್ಕೆ ಅದರಲ್ಲಿ ಇನ್ನೂ ಮೊಟ್ಟೆ ಇರಲಿಲ್ಲ.

ಸಿದ್ದವ್ವನಿಗೆ ತುಂಬ ನಾಚಿಕೆಯಾಯಿತು. ಒಂದು ದೊಡ್ಡ ಗೆಡ್ಡೆಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಕುಪ್ಪಯ್ಯನ ಮುಂದಿಟ್ಟಳು.

“ತಪ್ಪಾಯಿತು ಕುಪ್ಪಯ್ಯ. ನಾನು ಮೇಲೆ ನೋಡಲೇ ಇಲ್ಲ.”

“ನೋಡುವುದು ಹೇಗೆ? ನಿಮಗೆಲ್ಲ ಮೂತಿ ಮಣ್ಣಲ್ಲೇ ಇರುತ್ತದೆ!” ಎಂದ ಕುಪ್ಪಯ್ಯ. ಗೆಡ್ಡೆಯನ್ನು ಕಾಲಿನಿಂದ ಆಚೆ ತಳ್ಳಿದ.

“ಹೋಗಲಿ ಬಿಡಿ. ಇನ್ನೊಂದು ಕಟ್ಟಿದರಾಯಿತು,” ಎಂದಳು ಹೊನ್ನಕ್ಕ. ಅವಳು ಆಗಲೇ ಪಕ್ಕದ ಪೊದೆಯಲ್ಲಿ ಕಡ್ಡಿ ಜೋಡಿಸಲು ಶುರುಮಾಡಿದ್ದಳು.

ಆದರೆ ಕುಪ್ಪಯ್ಯನ ಸಿಟ್ಟು ಇಳಿಯಲಿಲ್ಲ. ಅವನು ಬಂಡೆಯ ಮೇಲೆ ಹೋಗಿ ಕೂತ. ಸಾಲಿನಿಂದ ಸಾಲಿಗೆ ಹಾರಿದ. ಅವನು ಆ ದಿನ ತಾಯಿಮಾತಿನಲ್ಲಿ ಏನಿದೆ ಎಂದು ತಿಳಿಯಲು ಹೋಗಿರಲಿಲ್ಲ. ತನಗೆ ಬೇಕಾದ್ದು ಎಲ್ಲಿದೆ ಎಂದು ಹುಡುಕಲು ಹೋಗಿದ್ದ. ಹುಡುಕುವವನಿಗೆ ಸಿಕ್ಕೇ ಸಿಕ್ಕಿತು.

ಮರುದಿನ ಎಲ್ಲರೂ ಸೇರಿದಾಗ ಕುಪ್ಪಯ್ಯ ಕತ್ತು ಎತ್ತಿ ಓದಿದ:

“ನೆಲ ಬಗೆಯುವವರು ಹೊಂಡಕ್ಕೆ ಇಳಿಯಬಾರದು!”

ಪ್ರಾಣಿಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ನೆಲ ಬಗೆಯುವವರು ಎಂದರೆ ಮುಳ್ಳುಹಂದಿಗಳು, ಚಿಪ್ಪುಹಂದಿಗಳು, ಹೆಗ್ಗಣಗಳು.

“ಹಾಗೆ ಬರೆದಿದೆಯಾ?” ಎಂದು ಕೇಳಿದ ಭರಮಣ್ಣ.

“ಅಕ್ಷರ ಅಕ್ಷರವೂ ಹಾಗೇ ಇದೆ. ಬೇಕಾದರೆ ಮುಟ್ಟಿ ನೋಡಿ.”

ಭರಮಣ್ಣ ಮೂಗಿನಿಂದ ಬಂಡೆಯನ್ನು ಮುಟ್ಟಿ ನೋಡಿದ. ಗೀಚಿದ್ದೇನೋ ಇತ್ತು. ಏನೆಂದು ಅವನಿಗೆ ಹೇಗೆ ತಿಳಿಯಬೇಕು?

ಸಿದ್ದವ್ವ ಗುಂಪಿನಿಂದ ಮುಂದೆ ಬಂದಳು. “ಅಲ್ಲ ಯಜಮಾನರೇ, ಹಿರೇತಾಯಿಯೂ ನೆಲ ಬಗೆದವಳೇ ಅಲ್ಲವೇ? ಬಗೆಯದೆ ಈ ಹೊಂಡ ಎಲ್ಲಿಂದ ಬಂತು?”

ಭರಮಣ್ಣ ಕಿವಿ ಆಡಿಸಿದ. ಮಾತು ಸರಿ ಅನ್ನಿಸಿತು. ಕುಪ್ಪಯ್ಯನ ಕಡೆ ನೋಡಿದ.

“ಹಿರೇತಾಯಿ ಎಲ್ಲಿ, ಇವರು ಎಲ್ಲಿ!” ಎಂದ ಕುಪ್ಪಯ್ಯ. “ತಾಯಿಯ ಜೊತೆ ತನ್ನನ್ನು ಹೋಲಿಸಿಕೊಳ್ಳುತ್ತಾಳೆ ನೋಡಿ. ಎಷ್ಟು ಸೊಕ್ಕು!”

ಗುಂಪಿನಲ್ಲಿ ಗುಸುಗುಸು ಶುರುವಾಯಿತು. ಹೌದಲ್ಲ, ಎಷ್ಟು ಸೊಕ್ಕು ಎಂದರು ಕೆಲವರು. ಭರಮಣ್ಣನಿಗೆ ಮತ್ತೆ ಯೋಚನೆ ಮಾಡುವುದು ಬೇಡವಾಯಿತು.

“ತಾಯಿಮಾತು ಮೀರುವುದಕ್ಕೆ ನಾನು ಯಾರಮ್ಮ?” ಎಂದ ಅವನು. “ಇವತ್ತಿನಿಂದ ನೆಲ ಬಗೆಯುವವರು ಹೊಂಡದ ದಂಡೆ ದಾಟಬಾರದು. ದಾಟಿದವರ ಕುಲವನ್ನೇ ಗುಡ್ಡದಿಂದ ಆಚೆ ಕಳಿಸಲಾಗುತ್ತದೆ.”

“ಮತ್ತೆ ನಾವು ನೀರು ಕುಡಿಯುವುದು ಎಲ್ಲಿ?” ಎಂದಳು ಸಿದ್ದವ್ವ.

ಭರಮಣ್ಣ ಆಗಲೇ ಮೇಯಲು ಹೊರಟಿದ್ದ. ಜಿಂಕೆ ಚುಕ್ಕಮ್ಮನಿಗೆ ಏನೋ ಹೇಳಬೇಕು ಅನ್ನಿಸಿತು. ಸಿದ್ದವ್ವ ಅವಳ ನೆರೆಯವಳು. ಆದರೆ ತಾಯಿಮಾತಿಗೆ ಎದುರು ಮಾತಾಡಿದಳು ಅನ್ನಿಸಿಕೊಳ್ಳಲು ಹೆದರಿ, ಹುಲ್ಲಿಗೆ ಬಾಯಿ ಹಾಕಿದಳು.

ಆ ಸಂಜೆ ಗೂಡಿನಲ್ಲಿ ಹೊನ್ನಕ್ಕ ಕೇಳಿದಳು, “ಏನ್ರೀ, ಅದರ ಮೇಲೆ ಇನ್ನೊಂದು ಸಾಲಿದೆ. ಕೆಳಗೂ ಇದೆ. ಅವನ್ನು ಓದಲಿಲ್ಲವಲ್ಲ?”

“ನಾನು ಸುಳ್ಳು ಓದಿದೆನೇ?”

“ಸುಳ್ಳು ಅಂತ ನಾನು ಹೇಳಲಿಲ್ಲ. ಪೂರ್ತಿ ಓದಲಿಲ್ಲ ಅಂದೆ.”

“ಬಂಡೆಯ ಮೇಲೆ ಇಲ್ಲದ ಒಂದು ಅಕ್ಷರವನ್ನೂ ನಾನು ಸೇರಿಸಿಲ್ಲ,” ಎಂದ ಕುಪ್ಪಯ್ಯ. “ಮಿಕ್ಕಿದ್ದನ್ನು ಇನ್ನೊಂದು ದಿನ ಓದಿದರಾಯಿತು.”

ಆ ಇನ್ನೊಂದು ದಿನ ಬರಲಿಲ್ಲ. ಹೊನ್ನಕ್ಕ ಮೊಟ್ಟೆ ಇಟ್ಟಳು, ಕಾವು ಕೂತಳು, ಮರಿಗಳ ಬಾಯಿಗೆ ಹುಳು ತಂದು ಹಾಕುವುದರಲ್ಲಿ ಮುಳುಗಿದಳು. ಮನಸ್ಸಿನಲ್ಲಿ ಮಾತ್ರ ಆ ಸಾಲುಗಳು ಚುಚ್ಚುತ್ತಲೇ ಇದ್ದವು.

ಸಿದ್ದವ್ವ ತನ್ನವರನ್ನು ಕರೆದುಕೊಂಡು ಗುಡ್ಡದ ಆಚೆ ಮಗ್ಗುಲಿನ ಕಲ್ಲುಕೊರಕಲಿಗೆ ಹೋದಳು. ಅಲ್ಲಿ ಬಂಡೆಯ ಸಂದಿಯಿಂದ ತೊಟ್ಟು ತೊಟ್ಟಾಗಿ ನೀರು ಇಳಿಯುತ್ತಿತ್ತು. ಒಬ್ಬರು ನಾಲಗೆ ಒಡ್ಡಿ ನಿಂತರೆ ಮಿಕ್ಕವರು ಕಾಯಬೇಕು. ಮುದಿ ಚಿಪ್ಪುಹಂದಿ ತಿಪ್ಪಜ್ಜನಿಗೆ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ಅವನು ದಾರಿಯ ನಡುವೆಯೇ ಒಂದು ಬಿಲ ಮಾಡಿಕೊಂಡು, ಬೆಳಗಿನ ಹೊತ್ತು ಎಲೆಗಳ ಮೇಲಿನ ಇಬ್ಬನಿ ನೆಕ್ಕಿ ಬಾಯಾರಿಕೆ ಕಳೆಯುತ್ತಿದ್ದ.

“ಸಿದ್ದವ್ವ, ನಾವು ಏನು ತಪ್ಪು ಮಾಡಿದೆವು?” ಎಂದು ಒಮ್ಮೆ ಕೇಳಿದ.

“ನಾನು ಒಂದು ಗೂಡು ಬೀಳಿಸಿದೆ ಅಜ್ಜಾ. ನೀನು ಏನೂ ಮಾಡಿಲ್ಲ,” ಎಂದಳು ಸಿದ್ದವ್ವ.

ಇತ್ತ ಹೊಂಡದ ಬಳಿ ಜಾಗ ಹೆಚ್ಚಾಯಿತು. ನಿಜ ಹೇಳಬೇಕೆಂದರೆ, ಅದು ಹಲವರಿಗೆ ಇಷ್ಟವೂ ಆಯಿತು. ಮುಳ್ಳು ಚುಚ್ಚುತ್ತದೆ ಎಂಬ ಭಯವಿಲ್ಲ, ಹೆಗ್ಗಣದ ವಾಸನೆಯಿಲ್ಲ. ಆಮೇಲೆ ಒಬ್ಬೊಬ್ಬರೇ ಕುಪ್ಪಯ್ಯನ ಹತ್ತಿರ ಬರತೊಡಗಿದರು.

“ಕುಪ್ಪಯ್ಯನವರೇ, ಈ ನವಿಲುಗಳ ಕೂಗಾಟ ವಿಪರೀತವಾಗಿದೆ. ಅದಕ್ಕೊಂದು ಸಾಲು ಇದೆಯಾ ನೋಡಿ,” ಎಂದಿತು ಮುಸುವ.

“ಮುಸುವಗಳು ಮರದ ಮೇಲಿನಿಂದ ಹಣ್ಣಿನ ಸಿಪ್ಪೆ ತಲೆ ಮೇಲೆ ಎಸೆಯುತ್ತವೆ. ತಾಯಿ ಅದಕ್ಕೆ ಏನೂ ಹೇಳಿಲ್ಲವೇ?” ಎಂದಿತು ನವಿಲು.

ಹುಡುಕಿದರೆ ಎಲ್ಲರಿಗೂ ಒಂದೊಂದು ಸಾಲು ಸಿಗುತ್ತಿತ್ತು. ಅರ್ಧ ಸಾಲಾದರೂ ಸಿಗುತ್ತಿತ್ತು. ನವಿಲುಗಳು ಬೆಳಗ್ಗೆ ಕೂಗಬಾರದು ಎಂದಾಯಿತು. ಮುಸುವಗಳು ದಂಡೆಯ ಮರ ಹತ್ತಬಾರದು ಎಂದಾಯಿತು. ಮೊಲಗಳು ಎಡಗಡೆಯಿಂದ ಬರಬಾರದು ಎಂದೂ ಆಯಿತು. ಅದು ಯಾಕೆ ಎಂದು ಮೊಲಗಳಿಗೂ ತಿಳಿಯಲಿಲ್ಲ, ಭರಮಣ್ಣನಿಗೂ ತಿಳಿಯಲಿಲ್ಲ. ನೆರೆಹೊರೆಯಲ್ಲಿ ಮೊದಲಿದ್ದ ನಗು ಕಡಿಮೆಯಾಯಿತು. ಕುಪ್ಪಯ್ಯನ ಕೂಗು ಮಾತ್ರ ಇನ್ನಷ್ಟು ಗಂಭೀರವಾಯಿತು.

ಮಳೆಗಾಲ ಮುಗಿಯಿತು. ಚಳಿ ಬಂದು ಹೋಯಿತು. ಬೇಸಿಗೆ ಬಂತು.

ಆನೆಹೊಂಡದ ನೀರು ಇಳಿಯತೊಡಗಿತು. ಬೇಸಿಗೆಯಲ್ಲಿ ಇಳಿಯುವುದು ಇದ್ದದ್ದೇ, ಆದರೆ ಈ ಸಲ ಇಳಿಯುತ್ತಲೇ ಹೋಯಿತು. ಮೊದಲು ದಂಡೆಯ ಕಲ್ಲುಗಳು ಕಂಡವು. ಆಮೇಲೆ ಮಧ್ಯದ ಬಂಡೆ ಕಂಡಿತು. ಕೊನೆಗೆ ಸುತ್ತಲೂ ಕಪ್ಪು ಕೆಸರು, ನಡುವೆ ಒಂದು ಬೊಗಸೆಯಷ್ಟು ಹಸಿರು ನೀರು ಉಳಿಯಿತು.

“ಪ್ರತಿ ಬೇಸಿಗೆಯಲ್ಲೂ ಇಷ್ಟು ಹೊತ್ತಿಗೆ ತಿಳಿನೀರು ಇರುತ್ತಿತ್ತಲ್ಲ?” ಎಂದು ಎಲ್ಲರೂ ಆಶ್ಚರ್ಯಪಟ್ಟರು.

ಇರುತ್ತಿತ್ತು, ನಿಜ. ಯಾಕೆ ಇರುತ್ತಿತ್ತು ಎಂದು ಯಾರೂ ಯೋಚಿಸಿರಲಿಲ್ಲ. ಬೇಸಿಗೆಯ ಸಂಜೆಗಳಲ್ಲಿ ಮುಳ್ಳುಹಂದಿ, ಚಿಪ್ಪುಹಂದಿ, ಹೆಗ್ಗಣಗಳೆಲ್ಲ ಹೊಂಡದ ಅಂಚಿನ ಹೂಳನ್ನು ಬಗೆದು ಗೆಡ್ಡೆ, ಗೆದ್ದಲು, ಹುಳು ಹುಡುಕುತ್ತಿದ್ದವು. ಅವು ಹೊಟ್ಟೆಗಾಗಿ ಬಗೆಯುತ್ತಿದ್ದವು ಅಷ್ಟೆ. ಆದರೆ ಬಗೆದ ಕಡೆ ಮುಚ್ಚಿಹೋಗಿದ್ದ ಒರತೆಗಳ ಬಾಯಿ ಬಿಡುತ್ತಿತ್ತು, ಮರಳಿನಡಿಯ ನೀರು ಮೇಲಕ್ಕೆ ಬರುತ್ತಿತ್ತು. ಇದು ಬಗೆಯುವವರಿಗೂ ಗೊತ್ತಿರಲಿಲ್ಲ, ಕುಡಿಯುವವರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವಳು ಹಿರೇತಾಯಿ ಒಬ್ಬಳೇ. ಗೊತ್ತಿದ್ದದ್ದನ್ನು ಅವಳು ಬರೆದೂ ಇಟ್ಟಿದ್ದಳು.

ಒಂದು ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ಚುಕ್ಕಮ್ಮನ ಮರಿ ಬಾಯಾರಿಕೆ ತಾಳಲಾರದೆ ನಡುವಿನ ನೀರಿನ ಕಡೆ ಓಡಿತು.

“ಬೇಡ ಮಗಾ, ನಿಲ್ಲು!” ಎಂದು ಚುಕ್ಕಮ್ಮ ಕೂಗುವುದರೊಳಗೆ ಅದರ ಮುಂಗಾಲು ಕೆಸರಿನಲ್ಲಿ ಹೂತಿತು. ಕಿತ್ತುಕೊಳ್ಳಲು ಒದ್ದಾಡಿದಾಗ ಹಿಂಗಾಲೂ ಹೂತಿತು. ಒದ್ದಾಡಿದಷ್ಟೂ ಅದು ಕೆಳಗೆ ಹೋಗುತ್ತಿತ್ತು. ಹೊಟ್ಟೆಯ ಮಟ್ಟಕ್ಕೆ ಕೆಸರು ಬಂತು.

“ಅವ್ವಾ! ಅವ್ವಾ!”

ಆ ಕೂಗು ಕೇಳಿ ಎಲ್ಲರೂ ಓಡಿ ಬಂದರು. ಭರಮಣ್ಣ ಹಿಂದೆ ಮುಂದೆ ನೋಡದೆ ಹೊಂಡಕ್ಕೆ ಇಳಿದ. ಮರಿಯ ಹತ್ತಿರ ಹೋಗುವ ಮೊದಲೇ ಅವನ ಭಾರಕ್ಕೆ ಕೆಸರು ಬಾಯಿ ತೆರೆಯಿತು. ಅಂಥ ದೊಡ್ಡ ದೇಹ ಎದೆಯವರೆಗೆ ಹೂತು ಅಲ್ಲೇ ನಿಂತುಬಿಟ್ಟಿತು.

“ಅಲುಗಾಡಬೇಡ ಮರೀ, ಅಲುಗಾಡಬೇಡ,” ಎನ್ನುತ್ತಿದ್ದ ಅವನು. ಅವನಿಗೇ ಏದುಸಿರು ಬರುತ್ತಿತ್ತು.

ಮುಸುವಗಳು ಬಳ್ಳಿ ಎಸೆದವು. ಬಳ್ಳಿ ಕಿತ್ತು ಬಂತು. ಮೊಲಗಳು ಅಂಚಿನಲ್ಲಿ ಕೆರೆದವು. ಅವುಗಳ ಸಣ್ಣ ಕಾಲಿಗೆ ಆ ಅಂಟುಮಣ್ಣು ಜಗ್ಗಲಿಲ್ಲ.

“ಇದನ್ನು ಬಗೆದು ಬಿಡಿಸಬೇಕು,” ಎಂದಳು ಹೊನ್ನಕ್ಕ, ಪೊದೆಯಿಂದ ಹಾರಿ ಬಂದು. “ಗಟ್ಟಿ ಉಗುರಿನವರು ಬೇಕು. ಸಿದ್ದವ್ವನನ್ನು ಕರೆಯಿರಿ!”

“ಕರೆಯುವುದು ಹೇಗೆ?” ಎಂದಿತು ನವಿಲು. “ಕಟ್ಟಳೆ ಇದೆಯಲ್ಲ?”

“ತಾಯಿಮಾತು ಮೀರಿದರೆ ಇನ್ನೂ ದೊಡ್ಡ ಕೇಡು ಬಂದೀತು,” ಎಂದಿತು ಮುಸುವ.

ಅವರು ಹೀಗೆ ಮಾತಾಡುತ್ತಿರುವಾಗ ಚುಕ್ಕಮ್ಮ ಅಲ್ಲಿ ಇರಲೇ ಇಲ್ಲ. ಅವಳು ಆಗಲೇ ಗುಡ್ಡ ಹತ್ತಿ ಓಡುತ್ತಿದ್ದಳು. ಕಲ್ಲುಕೊರಕಲಿಗೆ ಬಂದು ಸಿದ್ದವ್ವನ ಬಿಲದ ಮುಂದೆ ಮೊಣಕಾಲೂರಿದಳು.

“ಸಿದ್ದವ್ವಾ, ನಿನ್ನನ್ನು ಆಚೆ ಹಾಕಿದ ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ. ಇವತ್ತು ನಿನ್ನನ್ನು ಕೇಳಲು ನನಗೆ ಮುಖವಿಲ್ಲ. ಆದರೆ ನನ್ನ ಮರಿ ಹೂತುಹೋಗುತ್ತಿದೆ.”

ಸಿದ್ದವ್ವ ತನ್ನವರನ್ನು ಕೂಗಿ ಕರೆದು ಹೊರಟೇಬಿಟ್ಟಳು. ದಾರಿಯಲ್ಲಿ ತಿಪ್ಪಜ್ಜನೂ ಬಿಲದಿಂದ ಹೊರಬಂದ. “ನನ್ನ ಕಾಲಿಗೆ ಶಕ್ತಿ ಇಲ್ಲದಿರಬಹುದು, ಉಗುರಿಗೆ ಇದೆ,” ಎನ್ನುತ್ತಾ ತೆವಳಿಕೊಂಡು ಹಿಂದೆ ಬಂದ.

ಹೊಂಡದ ದಂಡೆಗೆ ಬಂದ ಕೂಡಲೇ ಸಿದ್ದವ್ವ ನಿಂತಳು. ಅವಳ ಹಿಂದೆ ಎಲ್ಲರೂ ನಿಂತರು.

“ಯಾಕೆ ನಿಂತೆ ಸಿದ್ದವ್ವಾ?” ಎಂದು ಚೀರಿದಳು ಚುಕ್ಕಮ್ಮ.

“ನಾನೊಬ್ಬಳೇ ಆಗಿದ್ದರೆ ನಿಲ್ಲುತ್ತಿರಲಿಲ್ಲ,” ಎಂದಳು ಸಿದ್ದವ್ವ. “ದಂಡೆ ದಾಟಿದರೆ ನಮ್ಮ ಕುಲವನ್ನೇ ಗುಡ್ಡದಿಂದ ಓಡಿಸುತ್ತೀರಿ. ಆಮೇಲೆ ಇವರೆಲ್ಲ ಎಲ್ಲಿಗೆ ಹೋಗಬೇಕು? ಯಜಮಾನರೇ, ಹೇಳಿ. ಇಳಿಯಲೋ ಬೇಡವೋ?”

ಭರಮಣ್ಣ ಕೆಸರಿನಿಂದ ಕತ್ತು ಹೊರಳಿಸಿ ಬಂಡೆಯ ಕಡೆ ನೋಡಿದ. “ಕುಪ್ಪಯ್ಯಾ! ಆ ಬಂಡೆಯ ಮೇಲೆ ಇನ್ನೇನಾದರೂ ಬರೆದಿದೆಯೇನಪ್ಪಾ? ಬೇಗ ಹೇಳು!”

ಕುಪ್ಪಯ್ಯ ಬಂಡೆಯ ಮೇಲೆ ಕೂತಿದ್ದ. ಮುಂದಿನ ಸಾಲು ಅವನ ಕಾಲಿನ ಕೆಳಗೇ ಇತ್ತು. ಅದನ್ನು ಓದಿದರೆ ಇಷ್ಟು ದಿನ ಯಾಕೆ ಓದಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ತನ್ನ ಮಾನ ಹೋಗುತ್ತದೆ. ಓದದಿದ್ದರೆ?

“ಅವ್ವಾ...” ಮರಿಯ ದನಿ ಸಣ್ಣಗಾಗಿತ್ತು. ಕೆಸರು ಅದರ ಕುತ್ತಿಗೆಗೆ ಬಂದಿತ್ತು.

ಹೊನ್ನಕ್ಕ ಹಾರಿ ಬಂದು ಗಂಡನ ಪಕ್ಕ ಕೂತಳು. “ನೀವು ಓದದಿದ್ದರೆ ನಾನು ಓದುತ್ತೇನೆ,” ಎಂದಳು. ದನಿ ಮೆತ್ತಗಿತ್ತು, ಆದರೆ ಅವಳು ಬಿಡುವವಳಲ್ಲ ಎಂದು ಅವನಿಗೆ ಗೊತ್ತಾಯಿತು. “ಮೇಲಿನಿಂದ ಓದಿ.”

ಕುಪ್ಪಯ್ಯ ಒಂದು ಸಾಲು ಮೇಲಕ್ಕೆ ಸರಿದು ಓದಿದ. ಅವನ ಗಂಟಲಿನಲ್ಲಿ ಮೊದಲಿನ ಗಾಂಭೀರ್ಯ ಇರಲಿಲ್ಲ.

“ಮಳೆಗಾಲದಲ್ಲಿ, ದಂಡೆಯ ಮಣ್ಣು ನೆಂದು ಮೆತ್ತಗಿರುವಾಗ, ನೆಲ ಬಗೆಯುವವರು ಹೊಂಡಕ್ಕೆ ಇಳಿಯಬಾರದು. ನೀರು ತಳ ಕಂಡಾಗ ಅವರನ್ನೇ ಮೊದಲು ಕರೆಯಿರಿ. ಒರತೆಯ ಬಾಯಿ ಬಿಡಿಸುವ ಉಗುರು ಅವರದು.”

“ಇಳಿ ತಾಯಿ, ಇಳಿ!” ಎಂದು ಕೂಗಿದ ಭರಮಣ್ಣ. ಆದರೆ ಕುಪ್ಪಯ್ಯ ಕೊನೆಯ ಮಾತು ಮುಗಿಸುವ ಮೊದಲೇ ಸಿದ್ದವ್ವ ಕೆಸರಿಗೆ ಇಳಿದಿದ್ದಳು.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು ಮಕ್ಕಳೇ! ಮುಳ್ಳುಹಂದಿಗಳು ಅಂಚಿನಿಂದ ಮರಿಯ ಕಡೆಗೆ ಒಂದು ಕಾಲುವೆ ಕೊರೆಯುತ್ತಾ ಹೋದವು. ಹೆಗ್ಗಣಗಳು ಆ ಮಣ್ಣನ್ನು ಹಿಂದಕ್ಕೆ ತಳ್ಳಿದವು. ಮುಸುವಗಳು ಸೊಪ್ಪು, ರೆಂಬೆ ಮುರಿದು ತಂದು ಕೆಸರಿನ ಮೇಲೆ ಹಾಸಿದವು. ತಿಪ್ಪಜ್ಜ ಮರಿಯ ಕಾಲಿನ ಸುತ್ತ ಮೆಲ್ಲಗೆ, ಗಾಯವಾಗದ ಹಾಗೆ ಬಗೆದ.

“ಸ್ವಲ್ಪ ತಾಳು ಕಂದಾ. ಈ ಕಾಲು ಬಿಟ್ಟಿತು ನೋಡು. ಇನ್ನು ಆ ಕಾಲು.”

ಕೆಸರು ‘ಪಚಕ್’ ಎಂದಿತು. ಮರಿಯ ಹಿಂಗಾಲು ಬಿಡಿಸಿಕೊಂಡಿತು. ಸೊಪ್ಪಿನ ಮೇಲೆ ಉರುಳಿ ಬಿದ್ದ ಮರಿಯನ್ನು ಮುಸುವಗಳು ಎಳೆದು ದಂಡೆಗೆ ತಂದವು. ಚುಕ್ಕಮ್ಮ ಅದರ ಮುಖದ ಮಣ್ಣನ್ನೆಲ್ಲ ನೆಕ್ಕಿದಳು. ಕಿವಿ ನೆಕ್ಕಿದಳು, ಮೂಗು ನೆಕ್ಕಿದಳು, ಮತ್ತೆ ಮುಖ ನೆಕ್ಕಿದಳು. ಮರಿ ಒಂದು ಸಲ ಸೀನಿತು. ಆ ಸೀನು ಕೇಳಿ ಯಾರೋ ನಕ್ಕರು. ಕಟ್ಟಳೆ ಮರೆತು ನವಿಲು ಜೋರಾಗಿ ಕೂಗಿಯೇಬಿಟ್ಟಿತು. ಯಾರೂ ಬೇಡ ಅನ್ನಲಿಲ್ಲ.

ಇನ್ನು ಭರಮಣ್ಣನ ಸರದಿ. ಅವನನ್ನು ಬಿಡಿಸುವುದು ಸುಲಭದ ಕೆಲಸವಾಗಿರಲಿಲ್ಲ. ಅವನ ನಾಲ್ಕು ಕಾಲಿನ ಸುತ್ತಲೂ ಆಳಕ್ಕೆ ಬಗೆಯಬೇಕಾಯಿತು. ಹೆಗ್ಗಣವೊಂದು ಅವನ ಹೊಟ್ಟೆಯ ಕೆಳಗೆ ನುಸುಳಿದಾಗ ಅವನಿಗೆ ಕಚಗುಳಿಯಾಗಿ ಬಾಲ ಬೀಸಿದ. ಸುತ್ತಲಿದ್ದವರ ಮುಖಕ್ಕೆಲ್ಲ ಕೆಸರು ರಾಚಿತು. ಕೊನೆಗೆ ಅವನು ಒಂದೇ ಸಲ ಕೊಸರಿ ಎದ್ದು, ಬುಸುಗುಡುತ್ತಾ ದಂಡೆ ಹತ್ತಿದ.

ಅವನು ಎದ್ದ ಗುಂಡಿಯೊಳಗೆ ಮರಳು ಕಾಣುತ್ತಿತ್ತು. ಮರಳು ಮೊದಲು ಒದ್ದೆಯಾಯಿತು. ಆಮೇಲೆ ಹೊಳೆಯಿತು. ಆಮೇಲೆ ಅದರ ನಡುವಿನಿಂದ ನೀರು ಸಣ್ಣಗೆ ಗುಳುಗುಳು ಎನ್ನುತ್ತಾ ಮೇಲೆ ಬಂತು.

“ಒರತೆ!” ಎಂದ ತಿಪ್ಪಜ್ಜ. “ಬಗೆಯಿರಿ, ಇನ್ನೂ ಬಗೆಯಿರಿ!”

ಬಿಸಿಲು ಇಳಿಯುವ ಹೊತ್ತಿಗೆ ಹೊಂಡದಲ್ಲಿ ಅಲ್ಲಲ್ಲಿ ತಿಳಿನೀರು ತುಂಬುತ್ತಿತ್ತು. ಚುಕ್ಕಮ್ಮನ ಮರಿ ಹೊಟ್ಟೆ ಬಿರಿಯುವಷ್ಟು ಕುಡಿಯಿತು.

ಭರಮಣ್ಣ ಸಿದ್ದವ್ವನ ಮುಂದೆ ತಲೆ ತಗ್ಗಿಸಿ ನಿಂತ. “ತಾಯಿಮಾತು ಮೊದಲೇ ನಿಮ್ಮ ಪರವಾಗಿ ಇತ್ತು ಸಿದ್ದವ್ವ. ನಮಗೇ ಗೊತ್ತಾಗಲಿಲ್ಲ.”

ಸಿದ್ದವ್ವ ಮುಳ್ಳಿನ ಮೇಲಿನ ಕೆಸರು ಕೊಡವಿದಳು. “ಒಂದು ಮಾತು ಕೇಳುತ್ತೇನೆ ಯಜಮಾನರೇ. ಬಂಡೆಯ ಮೇಲೆ ಆ ಮುಂದಿನ ಸಾಲು ಇಲ್ಲದೇ ಇದ್ದಿದ್ದರೆ? ಮರಿ ಮುಳುಗುವುದನ್ನು ನೋಡುತ್ತಾ ನಿಲ್ಲುತ್ತಿದ್ದಿರಾ?”

ಭರಮಣ್ಣ ತಲೆ ಎತ್ತಿದ. ಈ ಸಲ ಅವನು ಬಂಡೆಯ ಕಡೆಗೂ ನೋಡಲಿಲ್ಲ, ಕುಪ್ಪಯ್ಯನ ಕಡೆಗೂ ನೋಡಲಿಲ್ಲ. ನೀರಿನ ಪಕ್ಕ ನಿಂತಿದ್ದ ಮರಿಯನ್ನು ನೋಡಿದ. ದಾರಿ ನಡೆದು ಬಳಲಿ, ನಾಲಗೆ ಚಾಚಿ ಮಲಗಿದ್ದ ತಿಪ್ಪಜ್ಜನನ್ನು ನೋಡಿದ. ಬಹಳ ಹೊತ್ತು ಯೋಚನೆ ಮಾಡಿದ. ಅದು ಅವನಿಗೆ ಕಷ್ಟದ ಕೆಲಸ, ಆದರೂ ಮಾಡಿದ.

“ಇನ್ನು ಮೇಲೆ ಹೀಗೆ ಮಾಡೋಣ,” ಎಂದ ಕೊನೆಗೆ. “ತಾಯಿಮಾತನ್ನು ಓದುವುದಾದರೆ ಮೊದಲಿನಿಂದ ಕೊನೆಯವರೆಗೆ ಎಲ್ಲರೂ ಕೂತು ಕೇಳೋಣ. ಕೇಳಿದ ಮೇಲೂ ಕಟ್ಟಳೆ ಮಾಡುವ ಮೊದಲು ಹೊಂಡವನ್ನೊಮ್ಮೆ ನೋಡೋಣ, ಆ ಕಟ್ಟಳೆಯಿಂದ ಯಾರಿಗೆ ತೊಂದರೆಯೋ ಅವರನ್ನೂ ಕೇಳೋಣ. ಯೋಚಿಸಲು ನಮಗೂ ತಲೆ ಇದೆ. ನನಗಂತೂ ದೊಡ್ಡದೇ ಇದೆ.”

ಎಲ್ಲರೂ ನಕ್ಕರು. ನಗದೇ ಇದ್ದವನು ಕುಪ್ಪಯ್ಯ ಒಬ್ಬನೇ. ಅವನು ಬಂಡೆಯಿಂದ ಇಳಿದು, ಕೆಸರಿನಲ್ಲಿ ಕುಪ್ಪಳಿಸುತ್ತಾ ಸಿದ್ದವ್ವನ ಬಳಿ ಬಂದ.

“ಸಿದ್ದವ್ವ, ಆ ಸಾಲು ನನಗೆ ಮೊದಲೇ ಕಂಡಿತ್ತು,” ಎಂದ. “ಕಂಡೂ ಬಿಟ್ಟೆ.”

ಸಿದ್ದವ್ವನಿಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳ ಮುಳ್ಳುಗಳು ಜಲ್ ಎಂದು ನೆಟ್ಟಗಾದವು. ಆದರೆ ಅಷ್ಟು ಹೊತ್ತು ಮಣ್ಣು ಬಗೆದು ಅವಳಿಗೆ ತುಂಬ ಸುಸ್ತಾಗಿತ್ತು. ಎದುರಿಗೆ ತಣ್ಣಗಿನ ನೀರೂ ಇತ್ತು.

“ತಿಪ್ಪಜ್ಜ ಕಳೆದ ಮಳೆಗಾಲದಿಂದ ಇಬ್ಬನಿ ನೆಕ್ಕಿ ಬದುಕಿದ್ದಾನೆ. ಅವನಿಗೂ ಹೋಗಿ ಹೇಳು,” ಎಂದಳು. “ಆಮೇಲೆ ಎಲ್ಲರಿಗೂ ಓದಲು ಕಲಿಸು. ಹೊನ್ನಕ್ಕನೂ ಕಲಿಸಲಿ.”

ಕುಪ್ಪಯ್ಯ ತಿಪ್ಪಜ್ಜನ ಬಳಿ ಹೋದ. ಅವರಿಬ್ಬರು ಏನು ಮಾತಾಡಿದರೋ ಯಾರಿಗೂ ಕೇಳಿಸಲಿಲ್ಲ. ಆದರೆ ಮುದುಕ ನೀರಿನವರೆಗೆ ನಡೆದು ಬರುವಾಗ ಕುಪ್ಪಯ್ಯ ಮುಂದೆ ಮುಂದೆ ಕುಪ್ಪಳಿಸುತ್ತಾ ದಾರಿಯ ಮುಳ್ಳು ತೆಗೆಯುತ್ತಿದ್ದುದನ್ನು ಎಲ್ಲರೂ ನೋಡಿದರು.

ಮರುದಿನ ಬೆಳಗ್ಗೆ ಹೊನ್ನಕ್ಕ ಬಂಡೆಯ ಮುಂದೆ ಮರಿಗಳನ್ನೆಲ್ಲ ಕೂರಿಸಿಕೊಂಡು ಮೊದಲ ಸಾಲಿನ ಮೊದಲ ಅಕ್ಷರ ತೋರಿಸಿದಳು. ಮುಸುವದ ಮರಿಗಳು ಗಲಾಟೆ ಮಾಡಿದವು, ಮೊಲದ ಮರಿಗಳು ಎಡಗಡೆಯಿಂದಲೇ ಓಡಿ ಬಂದು ಕೂತವು.

ಅದೇ ಹೊತ್ತಿಗೆ ಸಿದ್ದವ್ವ ತನ್ನ ಮರಿಗಳನ್ನು ಕಲ್ಲುಕೊರಕಲಿನಿಂದ ಕರೆತಂದಳು. ಅವು ಹುಟ್ಟಿದ್ದೇ ಅಲ್ಲಿ. ತೊಟ್ಟಿಕ್ಕುವ ನೀರು ಬಿಟ್ಟರೆ ಬೇರೆ ನೀರನ್ನು ಅವು ಕಂಡಿರಲಿಲ್ಲ. ದಂಡೆಯ ಮೇಲೆ ನಿಂತು ಕಣ್ಣು ಅರಳಿಸಿ ನೋಡಿದವು.

“ಅವ್ವಾ, ಇಷ್ಟೊಂದು ನೀರು! ಇದು ಯಾರದು?” ಎಂದು ಕೇಳಿತು ಚಿಕ್ಕದು.

“ಬಾಯಾರಿದವರದು,” ಎಂದಳು ಸಿದ್ದವ್ವ. “ಮಾತು ಸಾಕು, ಕುಡಿ.”

ಅದು ಮೂತಿಯನ್ನು ಕಣ್ಣಿನವರೆಗೆ ನೀರಿನಲ್ಲಿ ಮುಳುಗಿಸಿತು.

ನೀತಿ: ಪವಿತ್ರವೆಂದು ನಂಬಿದ ಮಾತಿನಲ್ಲಿ ನಮಗೆ ಬೇಕಾದ ತುಂಡನ್ನಷ್ಟೇ ಆರಿಸಿ ಎಲ್ಲರಿಗೂ ಕಟ್ಟಳೆ ಮಾಡಬಾರದು, ಪೂರ್ತಿ ಓದಿ, ಕಣ್ಣೆದುರಿನ ಕಷ್ಟವನ್ನು ನೋಡಿ, ಆಮೇಲೆ ತೀರ್ಮಾನಿಸಬೇಕು.